ಹನ್ನೊಂದು ವರ್ಷಗಳ ಬಳಿಕ ಮತ್ತೆ ಮಾಡ್: ನಿಯೋಫೋರ್ಜ್, ಫ್ಯಾಬ್ರಿಕ್, ಲುವಾಂಟಿ

2025ರ ಜೂನ್‌ನಲ್ಲಿ ಹಾಸನದ ಅಂಗಡಿಯೊಂದರಲ್ಲಿ ಸುಮಾರು 2,000 ರೂಪಾಯಿ ಕೊಟ್ಟು 8 ಜಿಬಿಯ ರ್ಯಾಮ್ ಕೊಂಡು, ಏಳು ವರ್ಷ ಹಳೆಯದಾದ ನನ್ನ ಲ್ಯಾಪ್‌ಟಾಪಿಗೆ ಹಾಕಿಸಿದೆ. ಬ್ಲಾಕ್‌ಗಳಿಂದ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಆಟಕ್ಕೆ ಮತ್ತೆ ಮಾಡ್ (ಆಟಕ್ಕೆ ಹೊಸದನ್ನು ಸೇರಿಸುವ ಕೋಡ್) ಬರೆಯಬೇಕೆಂಬ ಒಂದೇ ಕಾರಣಕ್ಕೆ ಮಾಡಿದ ಖರ್ಚು ಅದು. ಆದರೆ ಈಗ ನಾನು ಬಿಡುವು ಸಿಕ್ಕಾಗಲೆಲ್ಲ ಮಾಡ್ ಬರೆಯುತ್ತಿರುವುದು ಅಂಥದೇ ಬ್ಲಾಕ್ ಆಟಗಳ ಮುಕ್ತ ತಂತ್ರಾಂಶವಾದ ಲುವಾಂಟಿಗೆ, ಮತ್ತು ಅದಕ್ಕೆ ಆ ರ್ಯಾಮಿನ ಅಗತ್ಯವೇ ಇರಲಿಲ್ಲ. ಬಹಳ ವರ್ಷಗಳ ನಂತರ ಈ ಹವ್ಯಾಸಕ್ಕೆ ಮರಳುವವರು ಹಣ ಕೊಡುವ ಮೊದಲು ಒಮ್ಮೆ ಓದಲಿ ಎಂದು, ನಾನು ನಡೆದು ನೋಡಿದ ಮೂರು ದಾರಿಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ.

2014ರಲ್ಲಿ ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಮೈನ್‌ಕ್ರಾಫ್ಟ್‌ನ 1.7.10 ಆವೃತ್ತಿಗೆ, ಮಾಡ್ ಬರೆಯಲು ನೆರವಾಗುವ ಫೋರ್ಜ್ ಎಂಬ ತಂತ್ರಾಂಶ ಬಳಸಿ, ಕಾಫಿ ತೋಟದ ಮಾಡ್ ಒಂದನ್ನು ಬರೆದಿದ್ದೆ. ಆಟದಲ್ಲಿದ್ದ ಗೋಧಿಯ ಕ್ಲಾಸನ್ನೇ (ಕೋಡಿನ ಒಂದು ಘಟಕ) ವಿಸ್ತರಿಸಿ ಮಾಡಿದ, ಎಂಟು ಹಂತಗಳಲ್ಲಿ ಬೆಳೆದು ಕೊನೆಗೆ ಕೆಂಪು ಹಣ್ಣು ಕೊಡುವ ಗಿಡ ಅದರಲ್ಲಿತ್ತು. ರಜೆಗೆ ಸಕಲೇಶಪುರದ ಹತ್ತಿರದ ನಮ್ಮ ಮನೆಗೆ ಹೋದಾಗ ಅಪ್ಪನಿಗೆ ತೋರಿಸಿದೆ. ಅವರು ಕೊನೆಯವರೆಗೂ ನೋಡಿ, "ಹೂಮಳೆನೇ ಇಲ್ದೆ ಕಾಯಿ ಹೆಂಗೋ ಕಟ್ತದೆ?" ಎಂದು ಕೇಳಿದರು. ಅದಕ್ಕೆ ಉತ್ತರವಾಗಿ ಕೋಡ್ ಬರೆಯುವ ಮೊದಲೇ ಓದು ಮುಗಿಯಿತು, ಕೆಲಸ ಸಿಕ್ಕಿತು, ಮಾಡ್ ಅಲ್ಲಿಗೇ ನಿಂತಿತು. ಮಾರ್ಚ್–ಏಪ್ರಿಲ್ ತಿಂಗಳಲ್ಲಿ ಹದವಾದ ಒಂದು ಮಳೆ ಬಿದ್ದು, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುವುದರ ಮೇಲೆ ವರ್ಷದ ಫಸಲು ನಿಂತಿರುತ್ತದೆ. ಅದರಲ್ಲೂ ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟದ ಜಾತಿಯಾದ್ದರಿಂದ, ಸುತ್ತಲಿನ ಗಿಡಗಳು ಒಟ್ಟಿಗೆ ಹೂಬಿಡಲೇಬೇಕು. ಹನ್ನೊಂದು ವರ್ಷಗಳ ನಂತರ ಲ್ಯಾಪ್‌ಟಾಪಿನ ಮುಂದೆ ಕುಳಿತಾಗ ನನಗೆ ಬೇಕಾಗಿದ್ದದ್ದು ಈ ಹೂಮಳೆ.

ನನ್ನ ಪರಿಸ್ಥಿತಿಯನ್ನೂ ಹೇಳಬೇಕು, ಏಕೆಂದರೆ ತೀರ್ಮಾನ ಅದನ್ನೇ ಅವಲಂಬಿಸಿದೆ. ವಾರವಿಡೀ ಹಾಸನದಲ್ಲಿ ಕೆಲಸ, ಶನಿವಾರ ಭಾನುವಾರ ಊರಿನ ಮನೆ. ಊರಿನಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ, ಅದೂ ದಿನಕ್ಕೆ ಒಂದೂವರೆ ಜಿಬಿ ಡೇಟಾದ ಮಿತಿಯೊಳಗೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಒಮ್ಮೆ ಕುಳಿತರೆ ನನಗೆ ಸಿಗುವುದು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ.

ಮೊದಲು ನಿಯೋಫೋರ್ಜ್. 2023ರಲ್ಲಿ ಫೋರ್ಜ್ ತಂಡದ ಬಹುಪಾಲು ಜನ ಬೇರೆಯಾಗಿ ಆರಂಭಿಸಿದ ಯೋಜನೆ ಇದು. ಹಳೆಯ ಫೋರ್ಜ್ ಬಲ್ಲವನಿಗೆ ಸಹಜವಾಗಿಯೇ ಮೊದಲ ಆಯ್ಕೆ. ಆದರೆ ನನಗೆ ಗೊತ್ತಿದ್ದ ಫೋರ್ಜ್‌ನಲ್ಲಿ ಉಳಿದಿದ್ದದ್ದು ಸ್ವಲ್ಪವೇ. ಬ್ಲಾಕ್‌ಗಳಿಗೆ ಅಂಕಿಯ ಐಡಿ ಕೊಡುವ ಪದ್ಧತಿ 2018ರ 1.13ನೇ ಆವೃತ್ತಿಗೇ ಮುಗಿದಿತ್ತು. ಬ್ಲಾಕಿನ ಸ್ಥಿತಿಯನ್ನು ಹೇಳುತ್ತಿದ್ದ, ಸೊನ್ನೆಯಿಂದ ಹದಿನೈದರವರೆಗಿನ ಮೆಟಾಡೇಟಾ ಸಂಖ್ಯೆಯ ಜಾಗದಲ್ಲಿ ಹೆಸರಿರುವ ಗುಣಗಳು ಬಂದಿದ್ದವು. ಜಾವಾ ಭಾಷೆಯ 8ನೇ ಆವೃತ್ತಿಯ ಬದಲು 21ನೆಯದು ಬೇಕಾಗಿತ್ತು. ಇವೆಲ್ಲ ಒಳ್ಳೆಯ ಬದಲಾವಣೆಗಳು, ಕಲಿಯಲು ಬೇಸರವಾಗಲಿಲ್ಲ. ತೊಂದರೆಯಾದದ್ದು ಲ್ಯಾಪ್‌ಟಾಪಿಗೆ. ನಿಯೋಫೋರ್ಜ್‌ನ ಯೋಜನೆಯನ್ನು ಮೊದಲ ಬಾರಿ ತೆರೆದಾಗ ಆಟದ ಕೋಡನ್ನು ಬಿಡಿಸಿ, ತಿದ್ದಿ, ಮತ್ತೆ ಕಂಪೈಲ್ ಮಾಡುವ (ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ) ಕೆಲಸ ನಡೆಯುತ್ತದೆ. ನನ್ನ ಹಳೆಯ 8 ಜಿಬಿಯಲ್ಲಿ ಬ್ರೌಸರ್ ತೆರೆದಿಟ್ಟುಕೊಂಡು ಅದನ್ನು ಮಾಡಿಸಲು ಹೋಗಿ ಎರಡು ಬಾರಿ ಮೆಮೊರಿ ಸಾಲದೆ ನಿಂತಿತು. 2014ರಲ್ಲಿಯೂ ಇದೇ ಬಗೆಯ ಒಂದು ಆದೇಶವನ್ನು ಕೊಟ್ಟು ರಾತ್ರಿ ಮಲಗಿ ಬೆಳಿಗ್ಗೆ ನೋಡುತ್ತಿದ್ದೆವು. ಆಗ ಹಾಸ್ಟೆಲಿನಲ್ಲಿ ಸಮಯ ಧಾರಾಳವಾಗಿತ್ತು. ರ್ಯಾಮ್ ಕೊಂಡದ್ದು ಇದಕ್ಕಾಗಿ, ಮತ್ತು ಹಾಕಿಸಿದ ಮೇಲೆ ಕೆಲಸ ಸುಸೂತ್ರವಾಗಿ ಮುಗಿಯಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಎರಡನೆಯದು ಫ್ಯಾಬ್ರಿಕ್. ಅದೇ ಕೆಲಸಕ್ಕೆ 2018ರ ಕೊನೆಯ ಹೊತ್ತಿಗೆ ಬಂದ ಇದು ಹಗುರ. ನಾನು ನೋಡಿದಾಗ ಅದು, ಆಟದ ಕಂಪನಿಯಾದ ಮೊಜಾಂಗ್ ಕೋಡಿನಲ್ಲಿ ಮರೆಮಾಚಿದ್ದ ಹೆಸರುಗಳನ್ನು ಮಾತ್ರ ಬದಲಿಸಿಕೊಂಡು ಕೆಲಸ ಶುರುಮಾಡುತ್ತಿತ್ತು, ಬಿಡಿಸಿ ಓದುವುದು ಬೇಕಿದ್ದರೆ ಪ್ರತ್ಯೇಕವಾಗಿ ಕೇಳಬೇಕಿತ್ತು. ರ್ಯಾಮ್ ಕೊಳ್ಳುವ ಮೊದಲೇ ಇದನ್ನು ನೋಡಿದ್ದರೆ 2,000 ರೂಪಾಯಿ ಉಳಿಯುತ್ತಿತ್ತೋ ಏನೋ. ಇಲ್ಲಿನ ಕಷ್ಟ ಹೆಸರುಗಳದ್ದು. ಒಂದೇ ಕ್ಲಾಸಿಗೆ ಫ್ಯಾಬ್ರಿಕ್‌ನವರ ಯಾರ್ನ್ ಹೆಸರುಗಳಲ್ಲಿ ವರ್ಲ್ಡ್ ಎಂದೂ, ಮೊಜಾಂಗ್‌ನ ಅಧಿಕೃತ ಹೆಸರುಗಳಲ್ಲಿ ಲೆವೆಲ್ ಎಂದೂ ಕರೆಯುತ್ತಿದ್ದರು. ಯಾರ್ನ್‌ನ ಐಡೆಂಟಿಫೈಯರ್ ಆಗ ಅಧಿಕೃತ ಹೆಸರುಗಳಲ್ಲಿ ರಿಸೋರ್ಸ್ ಲೊಕೇಶನ್ ಆಗಿತ್ತು. ಹಳೆಯ ಫೋರ್ಜ್‌ನಲ್ಲೂ ವರ್ಲ್ಡ್ ಎಂದೇ ಇದ್ದುದರಿಂದ ನಾನು ಯಾರ್ನ್ ಆರಿಸಿಕೊಂಡೆ. ಆಮೇಲೆ ಓದಿದ ಪಾಠಗಳಲ್ಲಿ ಅರ್ಧದಷ್ಟು ಮತ್ತೊಂದು ಹೆಸರಿನಲ್ಲಿದ್ದವು. 2025ರ ಅಕ್ಟೋಬರ್‌ನಲ್ಲಿ ಮೊಜಾಂಗ್, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಕೋಡಿನ ಹೆಸರುಗಳನ್ನು ಇನ್ನು ಮುಂದೆ ಮರೆಮಾಚುವುದಿಲ್ಲವೆಂದು ಪ್ರಕಟಿಸಿದೆ. ಹಾಗಾಗಿ ಈಗ ಶುರುಮಾಡುವವರು ಅಧಿಕೃತ ಹೆಸರುಗಳನ್ನೇ ಕಲಿಯುವುದು ಉತ್ತಮ.

ಹೂಮಳೆಯ ವಿಷಯದಲ್ಲಿ ಮೈನ್‌ಕ್ರಾಫ್ಟ್ ಒಂದು ಸೂಕ್ಷ್ಮ ಪಾಠ ಕಲಿಸಿತು. ಒಂದು ಜಾಗದಲ್ಲಿ ಮಳೆ ಬೀಳುತ್ತಿದೆಯೇ ಎಂದು ಆಟವನ್ನು ಕೇಳಬಹುದು; ಆದರೆ ಆ ಜಾಗಕ್ಕೆ ಆಕಾಶ ನೇರವಾಗಿ ಕಾಣುತ್ತಿದ್ದರೆ ಮಾತ್ರ ಹೌದು ಎಂಬ ಉತ್ತರ ಬರುತ್ತದೆ. ನಮ್ಮ ಕಾಫಿಯೋ ಸಿಲ್ವರ್ ಓಕ್ ನೆರಳಿನಲ್ಲಿ ಬೆಳೆಯುವ ಗಿಡ. ನೆರಳಿಗೆ ಮರ ನೆಟ್ಟ ತೋಟದಲ್ಲಿ ಒಂದೂ ಹೂವಿಲ್ಲ, ಬಯಲಿನಲ್ಲಿ ನೆಟ್ಟ ಗಿಡಗಳಲ್ಲಿ ಮಾತ್ರ ಹೂವು! ಜಾಗವನ್ನು ಬಿಟ್ಟು, ಲೋಕದಲ್ಲಿ ಮಳೆಯಿದೆಯೇ ಎಂದು ಕೇಳುವಂತೆ ತಿದ್ದಿದ ಮೇಲೆ ಅದು ಸರಿಹೋಯಿತು.

ಸರಿಹೋಗಲು ಮೂರು ಸಂಜೆ ತೆಗೆದುಕೊಂಡದ್ದು ಬೇರೆಯೇ ಒಂದು ಸಂಗತಿ. ಗಿಡ ಬೆಳೆಯುತ್ತಿತ್ತು, ಹಣ್ಣು ಕೈಗೆ ಬರುತ್ತಿತ್ತು. ಹಣ್ಣನ್ನು ಒಣಗಿಸಿ, ಹುರಿದು, ಪುಡಿಮಾಡುವ ರೆಸಿಪಿಗಳನ್ನು ಜೆಸನ್ ಎಂಬ ಪಠ್ಯರೂಪದ ಕಡತಗಳಲ್ಲಿ ಬರೆದೆ. ಆಟ ತೆರೆದು ಹಣ್ಣನ್ನು ಮೇಜಿನ ಮೇಲೆ ಇಟ್ಟರೆ ಏನೂ ಆಗಲಿಲ್ಲ. ಲಾಗ್ ಕಡತದಲ್ಲಿ ದೋಷದ ಒಂದು ಸಾಲೂ ಇರಲಿಲ್ಲ. ಮೊದಲ ಸಂಜೆ ಅಲ್ಪವಿರಾಮ, ಆವರಣಗಳನ್ನು ಒಂದೊಂದಾಗಿ ನೋಡಿದೆ. ಎರಡನೆಯ ಸಂಜೆ, 1.20.5ರಿಂದ ರೆಸಿಪಿಯ ಫಲಿತಾಂಶದಲ್ಲಿ ಐಟಂ ಎಂಬ ಪದದ ಜಾಗದಲ್ಲಿ ಐಡಿ ಎಂದು ಬರೆಯಬೇಕೆಂದು ತಿಳಿದು, ಅದೇ ಕಾರಣವೆಂದು ಖುಷಿಯಿಂದ ತಿದ್ದಿದೆ. ಆಗಲೂ ಏನೂ ಆಗಲಿಲ್ಲ. ಆಟದೊಳಗೆ ರೆಸಿಪಿ ಕೊಡುವ ಆದೇಶವನ್ನು ಬರೆಯತೊಡಗಿದರೆ ಬರುವ ಪಟ್ಟಿಯಲ್ಲಿ ನನ್ನ ಹೆಸರುಗಳೇ ಕಾಣಲಿಲ್ಲ. ಅಂದರೆ ಕಡತವನ್ನು ಆಟ ತಪ್ಪಾಗಿ ಓದುತ್ತಿರಲಿಲ್ಲ, ಓದಲೇ ಇರಲಿಲ್ಲ.

ಮೂರನೆಯ ಸಂಜೆ ಆಟವನ್ನು ಒಟ್ಟಿಗೆ ಕಟ್ಟಿಟ್ಟ ಜಾರ್ ಕಡತವನ್ನೇ ಬಿಚ್ಚಿ, ಅದರ ಸ್ವಂತ ರೆಸಿಪಿಗಳು ಎಲ್ಲಿವೆ ಎಂದು ಹುಡುಕಿದೆ. ನನ್ನ ಫೋಲ್ಡರಿನ ಹೆಸರು ರೆಸಿಪೀಸ್ ಎಂದು ಬಹುವಚನದಲ್ಲಿತ್ತು. ಆಟದ ಫೋಲ್ಡರ್ ರೆಸಿಪಿ ಎಂದು ಏಕವಚನದಲ್ಲಿತ್ತು. 1.21ರಲ್ಲಿ ಇಂಥ ಫೋಲ್ಡರುಗಳ ಹೆಸರನ್ನೆಲ್ಲ ಏಕವಚನಕ್ಕೆ ತಂದಿದ್ದಾರೆ, ಮತ್ತು ನಾನು ಅನುಸರಿಸುತ್ತಿದ್ದ ಪಾಠ ಅದಕ್ಕಿಂತ ಹಳೆಯದು. ಒಂದು ಅಕ್ಷರ ಅಳಿಸಿದೊಡನೆ ಪುಡಿ ಬಂತು. ಅದೇ ಖುಷಿಯಲ್ಲಿ ಹುರಿಯುವ ಒಲೆಯ ಬ್ಲಾಕ್ ಮಾಡಿ ಒಡೆದು ನೋಡಿದರೆ, ಒಲೆ ಒಡೆಯಿತು, ಕೈಗೆ ಏನೂ ಸಿಗಲಿಲ್ಲ. ಒಡೆದಾಗ ಏನು ಸಿಗಬೇಕೆಂದು ಹೇಳುವ ಲೂಟ್ ಟೇಬಲಿನ ಫೋಲ್ಡರಿಗೂ ಇದೇ ಬದಲಾವಣೆ ಆಗಿತ್ತು. ವಸ್ತುಗಳನ್ನು ಗುಂಪು ಮಾಡುವ ಟ್ಯಾಗ್‌ಗಳ ಒಳಗಿನ ಬ್ಲಾಕ್ ಮತ್ತು ಐಟಂ ಫೋಲ್ಡರುಗಳಿಗೂ ಹಾಗೆಯೇ. ಚಿತ್ರದ ಕಡತ ಸಿಗದಿದ್ದರೆ ಇದೇ ಆಟ ನೇರಳೆ ಮತ್ತು ಕಪ್ಪು ಚೌಕಗಳನ್ನು ತೋರಿಸಿ ಎಚ್ಚರಿಸುತ್ತದೆ. ರೆಸಿಪಿಯ ವಿಷಯದಲ್ಲಿ ಅಂಥ ಗುರುತು ಇಲ್ಲ. ಬದಲಾವಣೆಯ ಟಿಪ್ಪಣಿಯನ್ನು ಓದದೆ ಹಳೆಯ ನೆನಪಿನಿಂದ ಶುರುಮಾಡಿದ್ದು ನನ್ನ ತಪ್ಪು. ಮರಳಿ ಬರುವವರು ಅದನ್ನೇ ಮೊದಲು ಓದಬೇಕು. ನಿಯೋಫೋರ್ಜ್‌ನಲ್ಲೂ ಫ್ಯಾಬ್ರಿಕ್‌ನಲ್ಲೂ ಈ ನಿಯಮ ಒಂದೇ, ಏಕೆಂದರೆ ಅದು ಆಟದ್ದು.

ಆ ವಾರಾಂತ್ಯವೇ ಲುವಾಂಟಿಯನ್ನು ಇಳಿಸಿಕೊಂಡೆ. 2010ರಲ್ಲಿ ಫಿನ್ಲೆಂಡಿನ ಪರ್ಟು ಅಹೋಲಾ ಅವರು ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಇದು. 2024ರ ಅಕ್ಟೋಬರ್‌ನಲ್ಲಿ ಹೆಸರು ಬದಲಾಯಿತು. ಕಣದ ಮೂಲೆಯಲ್ಲಿ ನಿಂತು ಇಳಿಸಿಕೊಂಡರೂ ದಿನದ ಡೇಟಾ ಮುಗಿಯಲಿಲ್ಲ. ಮಾಡ್ ಎಂದರೆ ಇಲ್ಲಿ ಒಂದು ಫೋಲ್ಡರ್, ಅದರಲ್ಲಿ ಲುವಾ ಭಾಷೆಯ ಒಂದು ಕಡತ, ಹೆಸರು ವಿವರಗಳ ಪುಟ್ಟದೊಂದು ಕಡತ, ಚಿತ್ರಗಳು. ಕಂಪೈಲ್ ಮಾಡುವುದಿಲ್ಲ, ಸಾಲು ತಿದ್ದಿ, ಆಟದ ಲೋಕದಿಂದ ಹೊರಬಂದು ಮತ್ತೆ ಒಳಗೆ ಹೋದರೆ ಸಾಕು. ಕೋಡಿನಲ್ಲಿ ದೋಷವಿದ್ದರೆ ಕಡತದ ಹೆಸರು, ಸಾಲಿನ ಸಂಖ್ಯೆ ಸಮೇತ ಪರದೆಯ ಮೇಲೆ ತೋರಿಸಿ ನಿಲ್ಲುತ್ತದೆ. ಇಲ್ಲಿಯೂ ಕೋಡಿನ ಹೆಸರು ಬದಲಾಗಿದೆ, ಮೈನ್‌ಟೆಸ್ಟ್ ಎಂದು ಶುರುವಾಗುತ್ತಿದ್ದ ಆದೇಶಗಳು ಈಗ ಕೋರ್ ಎಂದು ಶುರುವಾಗುತ್ತವೆ. ಆದರೆ ಹಳೆಯ ಹೆಸರೂ ಕೆಲಸ ಮಾಡುತ್ತದೆ, ಆದ್ದರಿಂದ ಹಳೆಯ ಪಾಠ ಓದಿದವನು ದಾರಿ ತಪ್ಪುವುದಿಲ್ಲ. ಅರ್ಧ ಗಂಟೆಯಲ್ಲಿ ಒಂದು ಗಿಡ ನೆಟ್ಟು, ಚಿತ್ರ ಹಚ್ಚಿ, ಹಣ್ಣು ಹುರಿಯುವವರೆಗೆ ಬಂದಿದ್ದೆ.

ಕೊರತೆಯೂ ಅಷ್ಟೇ ದೊಡ್ಡದು. ನಾನು ಆರಿಸಿಕೊಂಡ ಮೈನ್‌ಟೆಸ್ಟ್ ಗೇಮ್ ಎಂಬ ಮೂಲ ಆಟದಲ್ಲಿ ಮಳೆಯೇ ಇಲ್ಲ. ವೋಕ್ಸೆಲಿಬ್ರೆ ಎಂಬ ಮತ್ತೊಂದು ಆಟದಲ್ಲಿ ಇದೆ, ಆದರೆ ಮೈನ್‌ಕ್ರಾಫ್ಟ್‌ನಲ್ಲಾಗಲಿ ಅದರಲ್ಲಾಗಲಿ ಮಳೆ ಋತು ನೋಡಿ ಬರುವುದಿಲ್ಲ. ಹಾಗಾಗಿ ಮಳೆಯನ್ನು ನಾನೇ ಬರೆದೆ. ಹನಿಗಳಿಗೆ ಕಣಗಳನ್ನು ಸುರಿಸುವ ಆದೇಶವಿದೆ, ಗೋಡೆ, ಸೂರು ತಾಗಿದರೆ ಹನಿ ಮಾಯವಾಗುವಂತೆಯೂ ಮಾಡಬಹುದು. ಆಟದ ದಿನಗಳನ್ನು ಎಣಿಸುವ ಆದೇಶದಿಂದ 36 ದಿನಗಳ ಒಂದು ವರ್ಷ ಮಾಡಿದೆ. ಎರಡೂ ಆಟಗಳಲ್ಲಿ ಒಂದು ದಿನವೆಂದರೆ ನಮ್ಮ 20 ನಿಮಿಷ. 36 ದಿನಗಳ ವರ್ಷದಲ್ಲಿ ಆಟದ ಒಂದು ದಿನ ನಮ್ಮ ಸುಮಾರು ಹತ್ತು ದಿನಕ್ಕೆ ಸಮ. ಹೂಮಳೆ ಬಿದ್ದ ಮಾರನೆಯ ದಿನ ಹೂವರಳಿದರೆ ಲೆಕ್ಕ ಸರಿಹೊಂದುತ್ತದೆ. ನಿಜವಾದ ತೋಟದಲ್ಲಿ ಹೂವು ನಿಲ್ಲುವುದು ಮೂರು ನಾಲ್ಕು ದಿನ, ಆಟದಲ್ಲಿ ಅದು ಆರರಿಂದ ಎಂಟು ನಿಮಿಷ. ಮೈನ್‌ಕ್ರಾಫ್ಟ್‌ನಲ್ಲೂ ಕೋಡಿನಿಂದ ಮಳೆ ತರಿಸಬಹುದು; ಆದರೆ ಅಲ್ಲಿ ಇರುವ ಮಳೆಯನ್ನು ತಡೆದು ನನ್ನದನ್ನು ತರಬೇಕು, ಇಲ್ಲಿ ಖಾಲಿ ಆಕಾಶ ಸಿಕ್ಕಿತು.

ಇನ್ನೊಂದು ತೊಡಕು ಅಕ್ಕನ ಮಗನಿಂದ ತಿಳಿಯಿತು. ಎಂಟನೆಯ ತರಗತಿಯ ಹುಡುಗ, ತೋಟದಿಂದ ಬಹಳ ದೂರ ಗಣಿ ತೋಡಲು ಹೋಗಿದ್ದ. ಮರಳಿ ಬಂದು, "ಮಾವ, ಮಳೆ ಬಂತು, ಆದ್ರೆ ಗಿಡ ಹಂಗೇ ಇದಾವೆ" ಎಂದ. ಆಟಗಾರನ ಸುತ್ತಲಿನ ಭಾಗದಲ್ಲಿ ಮಾತ್ರ ಗಿಡಗಳ ಲೆಕ್ಕ ನಡೆಯುತ್ತದೆ, ದೂರದ ತೋಟ ನಿದ್ರೆಯಲ್ಲಿರುತ್ತದೆ. ಮೈನ್‌ಕ್ರಾಫ್ಟ್‌ನಲ್ಲೂ ಇದೇ ಕ್ರಮ. ಲುವಾಂಟಿಯಲ್ಲಿ ಒಂದು ಭಾಗ ಮತ್ತೆ ತೆರೆದುಕೊಳ್ಳುವಾಗ ಒಮ್ಮೆ ನಡೆಯುವ ಎಲ್‌ಬಿಎಂ ಎಂಬ ವ್ಯವಸ್ಥೆಯಿದೆ. ಅದರಲ್ಲಿ, ಕಳೆದ ಹೂಮಳೆಯಾಗಿ ಎಷ್ಟು ದಿನವಾಯಿತು ಎಂದು ನೋಡಿ ಗಿಡವನ್ನು ತಕ್ಕ ಹಂತಕ್ಕೆ ತರುವ ಹದಿನೈದು ಸಾಲು ಬರೆದೆ. ಆ ಹದಿನೈದು ಸಾಲು ನನಗೆ ಇಡೀ ಮಾಡ್‌ನಲ್ಲಿ ಅತ್ಯಂತ ಇಷ್ಟವಾದ ಭಾಗ.

ಚೆಂದದ ವಿಷಯದಲ್ಲಿ ಮೈನ್‌ಕ್ರಾಫ್ಟ್ ಮುಂದಿದೆ. ಪ್ರಾಣಿಗಳು, ಶಬ್ದ, ಬೆಳಕು ಎಲ್ಲವೂ ಅಲ್ಲಿ ತಿದ್ದಿ ತೀಡಿದಂತಿವೆ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ವಸ್ತುಗಳಿಗೆ ಕನ್ನಡದ ಹೆಸರು ಕೊಡಲು ಒಂದು ಕಡತ ಸೇರಿಸಿದರಾಯಿತು. ನಿಯೋಫೋರ್ಜ್‌ಗೆ ಬರೆದ ಮಾಡ್ ಫ್ಯಾಬ್ರಿಕ್‌ನಲ್ಲಿ ನೇರವಾಗಿ ಓಡುವುದಿಲ್ಲ. ಲುವಾಂಟಿಗೆ ಹಣ ಕೊಡಬೇಕಿಲ್ಲ.

ಬೇರೆ ದೊಡ್ಡ ಮಾಡ್‌ಗಳ ಜೊತೆ ಸೇರಿಸಿ ಆಡುವವರು, ಒಳ್ಳೆಯ ಯಂತ್ರ ಮತ್ತು ನಿಲ್ಲದ ಇಂಟರ್ನೆಟ್ ಇರುವವರು ನಿಯೋಫೋರ್ಜ್ ಹಿಡಿಯಬಹುದು. ಗೆಳೆಯರೆಲ್ಲ ಮೈನ್‌ಕ್ರಾಫ್ಟ್‌ನಲ್ಲೇ ಇದ್ದು, ಯಂತ್ರ ಸಾಧಾರಣವಾಗಿದ್ದರೆ ಫ್ಯಾಬ್ರಿಕ್. ನನ್ನ ಹಾಗೆ ಅರ್ಧ ಗಂಟೆಯ ಬಿಡುವು, ಕಣದ ಮೂಲೆಯ ಸಿಗ್ನಲ್, ಮನಸ್ಸಿನಲ್ಲಿ ತಮ್ಮದೇ ಒಂದು ಊರು ಇರುವವರಿಗೆ ಲುವಾಂಟಿಯನ್ನೇ ಹೇಳುತ್ತೇನೆ. ನಿಯೋಫೋರ್ಜ್‌ನ ಫೋಲ್ಡರನ್ನು ಅಳಿಸಿದ್ದೇನೆ. ಫ್ಯಾಬ್ರಿಕ್‌ನದನ್ನು ಉಳಿಸಿಕೊಂಡಿದ್ದೇನೆ, ಏಕೆಂದರೆ ಅಕ್ಕನ ಮಗನ ಶಾಲೆಯ ಗೆಳೆಯರು ಆಡುವುದು ಮೈನ್‌ಕ್ರಾಫ್ಟ್.

ಮೊನ್ನೆ ಅಪ್ಪನನ್ನು ಕೂರಿಸಿಕೊಂಡು ಲುವಾಂಟಿಯ ತೋಟ ತೋರಿಸಿದೆ. ಮಳೆ ಬಂತು, ಮಾರನೆಯ ದಿನ ಸಾಲುಗಳೆಲ್ಲ ಬೆಳ್ಳಗಾದವು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಬ್ಯಾಕಿಂಗ್ ಮಳೆ ಯಾವಾಗ?" ಎಂದರು. ಹೂಮಳೆಯ ನಂತರ ಹದಿನೈದು ಇಪ್ಪತ್ತು ದಿನಗಳಲ್ಲಿ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ಸರಿಯಾಗಿ ನಿಲ್ಲುವುದಿಲ್ಲ. ಆಟದ ಲೆಕ್ಕದಲ್ಲಿ ಅದು ಎರಡನೆಯ ದಿನಕ್ಕೆ ಬರಬೇಕು. ಬರುವ ಶನಿವಾರ ಅದನ್ನು ಬರೆಯಲು ಕೂರುತ್ತೇನೆ.