ಟಿವಿ ಸೇರಿಸಿದರೆ ಗುಂಯ್ ಸದ್ದು: ಗ್ರೌಂಡ್ ಲೂಪ್ ಐಸೊಲೇಟರ್ ವರ್ಷಗಟ್ಟಲೆ ಬಳಸಿದ ಮೇಲೆ
ಸ್ಪೀಕರಿನಿಂದ ಬರುವ ಬೇಡದ ಸದ್ದುಗಳಲ್ಲಿ ಹಲವು ಬಗೆ ಇವೆ. ಗ್ರೌಂಡ್ ಲೂಪ್ ಐಸೊಲೇಟರ್ ಅನ್ನುವ ಈ ಪುಟ್ಟ ಡಬ್ಬಿ ಓಡಿಸುವುದು ಒಂದೇ ಬಗೆಯನ್ನು. ಆದರೆ ಅದನ್ನು ಬುಡಸಮೇತ ಓಡಿಸುತ್ತದೆ. ಹಾಗಾಗಿ ಕೊಳ್ಳುವ ಮೊದಲು ನಿಮ್ಮದು ಯಾವ ಸದ್ದು ಅಂತ ಪತ್ತೆ ಮಾಡಿ.

ನಮ್ಮ ಆಂಪ್ಲಿಫೈಯರಿಗೆ ರೆಕಾರ್ಡ್ ಪ್ಲೇಯರ್ ಮತ್ತು ಸೆಟ್ ಟಾಪ್ ಬಾಕ್ಸ್ ಎರಡೂ ಸೇರಿವೆ. ತಂಬೂರಿ ಶುರುವಾದರೆ ಸಾಕು, ಅದರ ಕೆಳಗೆ ಶ್ರುತಿಗೆ ಸೇರದ ಇನ್ನೊಂದು ಶ್ರುತಿ. ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ, ಆ ಗುಂಯ್ ಸದ್ದು ಕೂಡ 50ರಲ್ಲಿ, ಅದರ ದುಪ್ಪಟ್ಟು 100ರಲ್ಲಿ ಕೂತಿರುತ್ತದೆ. ವಿಳಂಬ ಆಲಾಪನೆ ಕೇಳುವವರಿಗೆ ಇದು ಹಿಂಸೆ.

ಆಂಪ್ ಆಫ್ ಮಾಡಿ, ಹಿಂದಿನ ಕೇಬಲ್‌ಗಳನ್ನೆಲ್ಲ ತೆಗೆದು, ಒಂದೊಂದಾಗಿ ಮತ್ತೆ ಹಾಕಿ, ಪ್ರತಿ ಸಲ ಆನ್ ಮಾಡಿ ಕೇಳಿದೆ. ಸೆಟ್ ಟಾಪ್ ಬಾಕ್ಸ್ ಸೇರಿದಾಗ ಮಾತ್ರ ಸದ್ದು. ಬಾಕ್ಸಿಗೆ ಬರುವ ಕೇಬಲ್ ಟಿವಿ ವೈರ್ ಬಿಚ್ಚಿದೆ, ತಕ್ಷಣ ನಿಂತಿತು. ಆ ವೈರ್ ಕಂಬದಿಂದ ಕಂಬಕ್ಕೆ ಹಾದು ಬರುತ್ತದೆ. ಅದರ ಹೊರ ಜಾಲರಿ ಬೇರೆಲ್ಲೋ ಅರ್ಥ್ ಆಗಿರುತ್ತದೆ. ಆಂಪ್ ತನ್ನ ಮೂರು ಪಿನ್ ಪ್ಲಗ್ ಮೂಲಕ ಮನೆಯ ಅರ್ಥ್‌ಗೆ ಸೇರಿದೆ. ಎರಡು ಅರ್ಥ್‌ಗಳ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಇದ್ದರೂ ಆಡಿಯೋ ಕೇಬಲಿನ ಜಾಲರಿಯಲ್ಲಿ ಕರೆಂಟ್ ಹರಿಯುತ್ತದೆ. ನಮಗೆ ಕೇಳಿಸುವುದು ಅದೇ. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ.

ಬಾಕ್ಸ್ ಮತ್ತು ಆಂಪ್ ನಡುವಿನ ಆಡಿಯೋ ಕೇಬಲಿಗೆ ಸೇರಿಸುವ ಐಸೊಲೇಟರಿನೊಳಗೆ ಎಡ ಬಲಕ್ಕೆ ಒಂದೊಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹಾಡು ಅಯಸ್ಕಾಂತದ ಬಲದಿಂದ ಆಚೆ ದಾಟುತ್ತದೆ, ತಂತಿಗೆ ತಂತಿ ತಾಗುವುದಿಲ್ಲ, ಹಾಗಾಗಿ ಜಾಲರಿಯ ಕರೆಂಟಿಗೆ ದಾರಿ ಇರುವುದಿಲ್ಲ. ಪ್ರತ್ಯೇಕ ಕರೆಂಟ್ ಬೇಡ. ಹಾಕಿದ ದಿನದಿಂದ ಆ ಗುಂಯ್ ಸದ್ದು ಮತ್ತೆ ಬಂದಿಲ್ಲ.

ದೂರು ಒಂದಿದೆ, ಸಣ್ಣದಲ್ಲ. ಅಗ್ಗದ ಡಬ್ಬಿಗಳಲ್ಲಿ ಟ್ರಾನ್ಸ್‌ಫಾರ್ಮರಿನ ಕೋರ್, ಅಂದರೆ ತಂತಿ ಸುತ್ತಿದ ಒಳಗಿನ ಲೋಹದ ತಿರುಳು, ತೀರಾ ಚಿಕ್ಕದು. ಜೋರಾದ ತಗ್ಗು ಸ್ವರ ಬಂದಾಗ ಅದು ತಡೆದುಕೊಳ್ಳುವುದಿಲ್ಲ. ಮೃದಂಗದ ಎಡಭಾಗದ ಗುಮುಕಿ ಮಂಕಾಗುತ್ತದೆ. ವಾರ್ತೆ, ಧಾರಾವಾಹಿಗೆ ವ್ಯತ್ಯಾಸವೇ ತಿಳಿಯದು. ಅದಕ್ಕೇ ಇದನ್ನು ಟಿವಿ ಲೈನಿಗೆ ಮಾತ್ರ ಇಟ್ಟಿದ್ದೇನೆ. ಸಂಗೀತದ ಲೈನಿಗೇ ಬೇಕಿದ್ದರೆ ದೊಡ್ಡ ಕೋರ್ ಇರುವುದನ್ನೇ ತೆಗೆದುಕೊಳ್ಳಿ, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.

ರೆಕಾರ್ಡ್ ಪ್ಲೇಯರಿಗೆ ಇದನ್ನು ನೇರವಾಗಿ ಸೇರಿಸಬೇಡಿ. ಅದರ ಮುಳ್ಳು ಕೂರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದೇ 5 ಮಿಲಿವೋಲ್ಟ್ ಆಸುಪಾಸು. ಅಲ್ಲಿ ಈ ಡಬ್ಬಿಯೇ ಹೊಸ ಸದ್ದು ಎಳೆದು ತರಬಹುದು. ಪ್ಲೇಯರಿನಿಂದ ಗುಂಯ್ ಬಂದರೆ ಪ್ಲೇಯರಿನ ತೆಳ್ಳನೆಯ ಗ್ರೌಂಡ್ ವೈರನ್ನು ಆಂಪ್ ಹಿಂದಿನ ಸ್ಕ್ರೂಗೆ ಬಿಗಿ ಮಾಡಿ ನೋಡಿ, ಬಹಳ ಸಲ ಅಷ್ಟೇ ಸಾಕು. ಫ್ಯಾನ್ ಹಾಕಿದಾಗ ಜರ್ರ್ ಅಂದರೆ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಅನುಮಾನಿಸಿ. ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರಿನಲ್ಲಿ ಆ ಕಾಟ ಇಲ್ಲ.

ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ತೆಗೆಯಿರಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಒಳಗೆ ಏನಾದರೂ ಕೆಟ್ಟರೆ ಆಂಪಿನ ಲೋಹದ ಮೈಗೇ 230 ವೋಲ್ಟ್ ಬರಬಹುದು. ಮನೆಯಲ್ಲಿ ಮಕ್ಕಳಿರುತ್ತಾರೆ.

ಟಿವಿಯಲ್ಲೂ ಆಂಪಿನಲ್ಲೂ ಆಪ್ಟಿಕಲ್ ಸಾಕೆಟ್ ಇದ್ದರೆ ಈ ಡಬ್ಬಿ ಸುಮ್ನೆ ಖರ್ಚು. ಆ ಕೇಬಲಿನಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ನಮ್ಮ ಆಂಪ್ ಹಳೆಯದು, ಅದರಲ್ಲಿ ಆ ಸಾಕೆಟ್ ಇಲ್ಲ. ಹಾಗಾಗಿ ಐಸೊಲೇಟರ್ ಇಲ್ಲೇ ಇರುತ್ತದೆ.