ಏರಿಯೇಟರ್, ಬೋಗುಣಿ, ಮಾಡಿನ ನೀರು: ಬರದ ಬೇಸಿಗೆಯಲ್ಲೊಂದು ಹೋಲಿಕೆ

ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ 2023ರ ಮುಂಗಾರಿನ ಬಳಿಕ, ಕುಶಾಲನಗರದ ಕಡೆಯ ನಮ್ಮ ಬಾವಿಯಲ್ಲಿ ನೀರು ಬೇಸಿಗೆಯ ನಡುವೆಯೇ ತಳ ಕಂಡಿತು. ಕೊಡಗಿನ ಪಶ್ಚಿಮದ ಭಾಗಮಂಡಲದ ಜಡಿಮಳೆಯನ್ನಷ್ಟೇ ಬಲ್ಲವರಿಗೆ ಇದು ವಿಚಿತ್ರವೆನಿಸೀತು. ಕೊಡಗಿನ ಪೂರ್ವದಂಚು ಮಳೆನೆರಳಿನ ಸೀಮೆ. ಆಗ ಮನೆಯಲ್ಲಿ ಮೂರು ಉಪಾಯಗಳನ್ನು ಬಳಸಿ ನೋಡಿದೆವು.

ಬೆಂಗಳೂರಿನ ಜಲಮಂಡಳಿ 2024ರಲ್ಲಿ ದೊಡ್ಡ ಕಟ್ಟಡಗಳಿಗೆ ಕಡ್ಡಾಯಗೊಳಿಸಿದ ಮೇಲೆ ಏರಿಯೇಟರ್ ಎಲ್ಲರ ಬಾಯಲ್ಲೂ ಕೇಳಿಬಂತು. ನಲ್ಲಿಯ ಬಾಯಿಗೆ ಹಾಕುವ, ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ತೆಳುವಾಗಿಸುವ ಈ ಜಾಲರಿಗೆ ಒತ್ತಡ ಬೇಕು. ನಲ್ಲಿಗಿಂತ ಮೂರು ಮೀಟರ್ ಎತ್ತರದಲ್ಲಿರುವ ಟ್ಯಾಂಕಿನಿಂದ ದೊರೆಯುವುದು ಸುಮಾರು 0.3 ಬಾರ್ ಒತ್ತಡ ಮಾತ್ರ. ಹೀಗಾಗಿ ನಮ್ಮ ಅಡುಗೆಮನೆಯಲ್ಲಿ ಧಾರೆ ತೊಟ್ಟಿಕ್ಕುವ ಮಟ್ಟಕ್ಕೆ ಇಳಿಯಿತು, ಬಾವಿನೀರಿನ ಕೆಂಪು ಗಸಿ ಕಟ್ಟಿಕೊಂಡ ಮೇಲೆ ಅದೂ ನಿಂತಿತು. ಕೊಡ ತುಂಬಿಸುವಾಗಲಂತೂ ಉಳಿತಾಯವೇನೂ ಇಲ್ಲ, ಕಾಯುವ ಹೊತ್ತಷ್ಟೇ ಹೆಚ್ಚು.

ಪಾತ್ರೆ ತೊಳೆಯುವ ಎರಡು ಬೋಗುಣಿಗಳ ಪದ್ಧತಿಗೆ ಖರ್ಚಿಲ್ಲ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ತಿಳಿನೀರು. ತೊಳೆದು ಮುಗಿದ ಮೇಲೆ ಎರಡನೆಯದರ ನೀರೇ ಮುಂದಿನ ಸರದಿಯ ಮೊದಲ ತೊಳೆತಕ್ಕೆ, ಮೊದಲನೆಯದರದು ಬಾಳೆಯ ಬುಡಕ್ಕೆ. ಸೊಪ್ಪಿನ ಮಡಿಗೆ ಮಾತ್ರ ಇದನ್ನು ಹಾಕಬಾರದು. ನಿಮಿಷಕ್ಕೆ ಹತ್ತು ಲೀಟರಿನಷ್ಟು ಸುರಿಯುವ ನಲ್ಲಿಯನ್ನು ತೆರೆದಿಟ್ಟು ಪಾತ್ರೆ ಉಜ್ಜುವ ಅಭ್ಯಾಸದ ಮುಂದೆ ಇಲ್ಲಿನ ಉಳಿತಾಯ ಕಣ್ಣಿಗೇ ಕಾಣುತ್ತದೆ. ಪಂದಿ ಕರಿ, ಅಂದರೆ ಹಂದಿಮಾಂಸದ ಅಡುಗೆ, ಮಾಡಿದ ದಿನ ಈ ಲೆಕ್ಕ ಕೆಡುವುದುಂಟು. ಜಿಡ್ಡನ್ನು ಮೊದಲು ಹಳೆಯ ಕಾಗದದಿಂದ ಒರೆಸಿ, ಆಮೇಲೆ ಬಿಸಿನೀರಿಗೆ ಇಳಿಸಿದರೆ ಮಾತ್ರ ಬೋಗುಣಿಯ ನೀರು ಹದದಲ್ಲಿರುತ್ತದೆ.

ಮಾಡಿನ, ಅಂದರೆ ಮನೆಯ ಚಾವಣಿಯ ಮಳೆನೀರಿನ ಲೆಕ್ಕ ಕಾಗದದ ಮೇಲೆ ಬಹಳ ಚೆನ್ನ: ನೂರು ಚದರ ಮೀಟರ್ ಹಂಚಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್, ಹೀರಿ ಚೆಲ್ಲಿದ್ದನ್ನು ಕಳೆದರೂ 800ಕ್ಕೆ ಮೋಸವಿಲ್ಲ. ಆದರೆ ಬೇಸಿಗೆಯಲ್ಲಿ ಕಾಫಿ ಗಿಡವನ್ನು ಅರಳಿಸುವ ಹೂಮಳೆ ಬಂದರೆ ಒಮ್ಮೆಲೇ ಬರುತ್ತದೆ, 200 ಲೀಟರಿನ ಡ್ರಮ್ಮು ನೋಡನೋಡುತ್ತಲೇ ತುಂಬಿ ಉಳಿದದ್ದು ಅಂಗಳದ ಪಾಲಾಗುತ್ತದೆ. ಬರದ ವರ್ಷದಲ್ಲಿ ಅದು ಬರುವ ಭರವಸೆಯೂ ಇಲ್ಲ. ಸಿಲ್ವರ್ ಓಕ್ ಎಲೆಗಳು ಪೈಪನ್ನು ಕಟ್ಟುತ್ತವೆ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು, ಸೊಳ್ಳೆಗಾಗಿ ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿಯಬೇಕು. ಹಿಡಿದ ನೀರು ಶೌಚಾಲಯಕ್ಕೆ ಯೋಗ್ಯ: ಹಳೆಯ ಫ್ಲಶ್ ತೊಟ್ಟಿ ಒಮ್ಮೆಗೆ ಹತ್ತು ಲೀಟರ್ ಸುರಿಸಿದರೆ, ಬಕೆಟ್ಟಿನಿಂದ ಅದರ ಅರ್ಧ ಸಾಕು.

ದೊಡ್ಡ ತೊಟ್ಟಿ ಕಟ್ಟಿಸುವ ಶಕ್ತಿಯುಳ್ಳವರಿಗೆ ಮಾಡಿನ ನೀರೇ ಮೇಲು. ಉಳಿದವರಿಗೆ ಬೋಗುಣಿ ಮೊದಲು, ಡ್ರಮ್ಮು ಅದರ ನಂತರ. ಏರಿಯೇಟರ್ ಅನ್ನು ಅಡುಗೆಮನೆಯಿಂದ ಕಳಚಿ, ಪಂಪಿನಿಂದ ನೇರವಾಗಿ ನೀರು ಬರುವ ಹೊರಗಿನ ಕೈತೊಳೆಯುವ ನಲ್ಲಿಗೆ ಹಾಕಿದ್ದೇವೆ; ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ.