ಮ್ಯಾಡ್ರಿಗಲ್ ಡೇಟಾಬೇಸ್: ಕಾರವಾರದ ಮಳೆಗಾಲದಲ್ಲಿ ಎರಡು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಮ್ಯಾಡ್ರಿಗಲ್ ಅಂದರೆ ರೇಡಾರ್ ಮುಂತಾದ ಉಪಕರಣಗಳು ಮೇಲಿನ ವಾತಾವರಣವನ್ನು ಅಳೆದ ಡೇಟಾ ಕೊಡುವ ಜಾಲತಾಣ. ಇದು ಪುಕ್ಕಟೆ ಸಿಗುವ ಸೇವೆ, ತುಂಬಾ ಒಳ್ಳೆಯ ಸೇವೆ. ಆದರೆ ಇದರಲ್ಲಿರುವ ಒಂದು ಕಾಲಮ್ ಅರ್ಥ ಮಾಡಿಕೊಳ್ಳದೆ ನಾವು ಹನ್ನೆರಡು ದಿನ ಕಳೆದುಕೊಂಡೆವು. ತಪ್ಪು ನಮ್ಮದೇ. ಬೇರೆಯವರಿಗೆ ಹಾಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಕಾರವಾರದಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಹತ್ತಿರ ಪ್ರಾಜೆಕ್ಟ್ ಮಾಡುತ್ತಿರುವ ಹುಡುಗಿ ಬೈತಖೋಲದವಳು, ಅಪ್ಪ ಟ್ರಾಲರ್ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವವರು. ಧ್ರುವದ ಹತ್ತಿರ ಬೇಸಿಗೆಯಲ್ಲಿ 80ರಿಂದ 90 ಕಿಲೋಮೀಟರ್ ಎತ್ತರದಿಂದ ರೇಡಾರ್‌ಗೆ ವಿಪರೀತ ಜೋರಾದ ಪ್ರತಿಧ್ವನಿ ಬರುತ್ತದೆ. ಇದನ್ನು ಪಿಎಂಎಸ್ಇ (ಪೋಲಾರ್ ಮೆಸೋಸ್ಫಿಯರ್ ಸಮ್ಮರ್ ಎಕೋಸ್) ಅಂತ ಕರೆಯುತ್ತಾರೆ. 1980ರ ಸುಮಾರಿಗೆ ಅಲಾಸ್ಕಾದ ಪೋಕರ್ ಫ್ಲ್ಯಾಟ್‌ನ 50 ಮೆಗಾಹರ್ಟ್ಸ್ ರೇಡಾರ್ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಅದಕ್ಕೊಂದು ಕಂಪ್ಯೂಟರ್ ಮಾದರಿ ಕಟ್ಟುವುದು ಇವಳ ಕೆಲಸ. ಮಾದರಿ ಸರಿಯಿದೆಯೋ ಇಲ್ಲವೋ ನೋಡಬೇಕಾದರೆ ನಿಜವಾದ ಅಳತೆ ಬೇಕು, ನಾವು ಇರುವುದು ಅರಬ್ಬೀ ಸಮುದ್ರದ ದಂಡೆಯಲ್ಲಿ. ಆಗ ಸಿಕ್ಕಿದ್ದು ಮ್ಯಾಡ್ರಿಗಲ್.

ಇದನ್ನು ಬೆಳೆಸಿದ್ದು ಅಮೆರಿಕದ ಎಂಐಟಿಯ ಹೇಸ್ಟ್ಯಾಕ್ ವೀಕ್ಷಣಾಲಯ. ನಾರ್ವೆಯ ಟ್ರೋಮ್ಸೊದಲ್ಲಿರುವ, ಐಸ್ಕ್ಯಾಟ್ ಎಂಬ ಸಂಶೋಧನಾ ಸಂಸ್ಥೆಯ ರೇಡಾರ್‌ಗಳ ಡೇಟಾ ಕೂಡ ಮ್ಯಾಡ್ರಿಗಲ್ ರೂಪದಲ್ಲೇ ಸಿಗುತ್ತದೆ. ಹೆಸರು, ಇಮೇಲ್, ಸಂಸ್ಥೆ ಕೇಳುತ್ತದೆ ಅಷ್ಟೇ, ಪಾಸ್‌ವರ್ಡ್ ಇಲ್ಲ, ದುಡ್ಡಿಲ್ಲ. ಪ್ರಬಂಧ ಪ್ರಕಟಿಸುವ ಮೊದಲು ಆ ಉಪಕರಣ ನೋಡಿಕೊಳ್ಳುವವರಿಗೆ ಒಂದು ಮಾತು ತಿಳಿಸಿ ಅನ್ನುತ್ತಾರೆ, ಅದು ನ್ಯಾಯವೇ. ಪುಟ ನೋಡೋಕೆ ಹಳೇ ಕಾಲದ್ದು, ಮೊದಲ ದಿನ ಎಲ್ಲಿ ಒತ್ತಬೇಕು ಅಂತಲೇ ಗೊತ್ತಾಗಲ್ಲ. ಆದರೆ ಪೈಥಾನ್‌ನಿಂದ ನೇರವಾಗಿ ಇಳಿಸುವ ವ್ಯವಸ್ಥೆ ಇದೆ, ಒಂದು ಸಣ್ಣ ಸ್ಕ್ರಿಪ್ಟ್ ಬರೆದರೆ ಸಾಕು. ಜೂನ್ ತಿಂಗಳ ಮಳೆಯಲ್ಲಿ ನಮ್ಮ ಕಡೆ ಕರೆಂಟೂ ಇರಲ್ಲ ನೆಟ್ಟೂ ಇರಲ್ಲ, ಆದರೂ ಒಂದೊಂದೇ ದಿನದ ಫೈಲನ್ನು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಇಳಿಸಿದೆವು. ಸಮಯ ಎಲ್ಲಾ ಯುಟಿಯಲ್ಲಿ, ಅಂದರೆ ಗ್ರೀನ್‌ವಿಚ್ ಲೆಕ್ಕದ ಜಾಗತಿಕ ಸಮಯದಲ್ಲಿ ಇರುತ್ತದೆ, ನೆನಪಿಡಿ.

ಈಗ ಆ ಕಾಲಮ್ ವಿಷಯ. ಫೈಲ್ ತೆರೆದರೆ ಎತ್ತರದ ಪಕ್ಕದಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಅಂತ ಒಂದು ಸಂಖ್ಯೆ ಇರುತ್ತದೆ. 85 ಕಿಲೋಮೀಟರ್ ಹತ್ತಿರ ಅದು ಒಮ್ಮೆಲೇ ಹತ್ತಾರು ಪಟ್ಟು ಏರುತ್ತದೆ. ನಾವು ಏನು ಮಾಡಿದೆವು? ಅಷ್ಟು ಎಲೆಕ್ಟ್ರಾನ್ ಅಲ್ಲಿ ಇದೆ ಅಂತ ನಂಬಿ ಅದನ್ನೇ ಮಾದರಿಗೆ ಕೊಟ್ಟೆವು. ಉತ್ತರ ಎಷ್ಟು ತಿದ್ದಿದರೂ ಹೊಂದಲೇ ಇಲ್ಲ.

ವಿಷಯ ಏನಂದರೆ, ರೇಡಾರ್ ಅಳೆಯುವುದು ಎಲೆಕ್ಟ್ರಾನನ್ನಲ್ಲ, ವಾಪಸ್ ಬಂದ ಶಕ್ತಿಯನ್ನು. ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಚದುರಿಸುತ್ತಿವೆ ಅಂದುಕೊಂಡು ಆ ಶಕ್ತಿಯಿಂದ ಸಾಂದ್ರತೆ ಲೆಕ್ಕ ಹಾಕುತ್ತಾರೆ. ಬೇರೆ ಎತ್ತರಗಳಲ್ಲಿ ಅದು ಸರಿ. ಈ ಪದರದಲ್ಲಿ ಕತೆ ಬೇರೆ. ಬೇಸಿಗೆಯಲ್ಲಿ ಅಲ್ಲಿನ ಚಳಿ ಮೈನಸ್ 140 ಡಿಗ್ರಿ ಸೆಲ್ಸಿಯಸ್ ತನಕ ಹೋಗುತ್ತದೆ, ಹಿಮದ ಅತಿ ಸಣ್ಣ ಕಣಗಳು ಹುಟ್ಟುತ್ತವೆ, ಅವು ಎಲೆಕ್ಟ್ರಾನ್‌ಗಳನ್ನು ಹಿಡಿದುಕೊಂಡು ಋಣ ಚಾರ್ಜ್ ಆಗುತ್ತವೆ. ಭಾರದ ಈ ಕಣಗಳ ದೆಸೆಯಿಂದ ಉಳಿದ ಎಲೆಕ್ಟ್ರಾನ್‌ಗಳೂ ಬೇಗ ಹರಡಿ ಸಮ ಆಗುವುದಿಲ್ಲ. ಗಾಳಿಯ ಸುಳಿ ಮಾಡಿದ ಸಣ್ಣ ಸಣ್ಣ ಏರಿಳಿತ ಹಾಗೇ ಉಳಿದುಬಿಡುತ್ತವೆ. ಅವುಗಳ ಅಂತರ ರೇಡಾರ್ ತರಂಗದ ಅರ್ಧ ಉದ್ದಕ್ಕೆ ಹೊಂದಿದರೆ ಪ್ರತಿಧ್ವನಿ ಒಟ್ಟುಗೂಡಿ ಜೋರಾಗುತ್ತದೆ. ಟ್ರೋಮ್ಸೊದ 224 ಮೆಗಾಹರ್ಟ್ಸ್ ರೇಡಾರ್‌ಗೆ ಆ ಅರ್ಧ ಉದ್ದ ಸುಮಾರು 67 ಸೆಂಟಿಮೀಟರ್. ಪೋಕರ್ ಫ್ಲ್ಯಾಟ್‌ನದ್ದಕ್ಕೆ 3 ಮೀಟರ್.

ಇನ್ನೂ ಆಶ್ಚರ್ಯ ಏನಂದರೆ, ರಾಕೆಟ್ ಹಾರಿಸಿ ಅಳೆದಾಗ ಎಷ್ಟೋ ಸಲ ಇದೇ ಪದರದಲ್ಲಿ ಎಲೆಕ್ಟ್ರಾನ್ ಕಮ್ಮಿ ಇದ್ದದ್ದು ಕಂಡಿದೆ. ಹಿಮ ಹಿಡಿದುಕೊಂಡಿದೆ ಅಲ್ವಾ! ಫೈಲಿನ ಸಂಖ್ಯೆ ಮೇಲೆ ಏರುವ ಜಾಗದಲ್ಲೇ ನಿಜವಾದ ಎಲೆಕ್ಟ್ರಾನ್ ಇಳಿದಿರಬಹುದು. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ.

ಈ ಅಳತೆಯ ಬಣ್ಣದ ಚಿತ್ರವನ್ನು ಹುಡುಗಿಯ ಅಪ್ಪನಿಗೂ ತೋರಿಸಿದೆವು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ, ಅವರು ಮನೆಯಲ್ಲೇ ಇದ್ದರು. ಸ್ಕ್ರೀನ್ ನೋಡಿದವರೇ "ಇದು ನಮ್ಮ ಫಿಶ್ ಫೈಂಡರ್ ತರಾನೇ ಇದೆಯಲ್ಲ ಮಾಸ್ತರ್ರೆ" ಅಂದರು. ಹೌದು, ಅಡ್ಡಕ್ಕೆ ಸಮಯ, ಉದ್ದಕ್ಕೆ ದೂರ, ಬಣ್ಣದಲ್ಲಿ ಶಕ್ತಿ. ಆಮೇಲೆ ಹೇಳಿದರು, "ಕೆಂಪು ಕಂಡ ಕೂಡಲೇ ಬಲೆ ಬಿಡೋದಲ್ಲ, ಕೆಲವು ಸಲ ಅದು ಬಂಡೆ." ನಾನು ಅರ್ಧ ತಾಸು ವಿವರಿಸಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಹಾಗಾದರೆ ಆ ಕಾಲಮ್ ಬೇಡವೇ? ಬೇಕು, ಆದರೆ ತಿರುಗಿಸಿಕೊಳ್ಳಬೇಕು. ಎಲೆಕ್ಟ್ರಾನ್ ಮತ್ತು ಅಯಾನುಗಳ ಉಷ್ಣತೆ ಸಮ ಅಂತ ಇಟ್ಟು, ಸಾಂದ್ರತೆಯನ್ನು ಒಂದು ಎಲೆಕ್ಟ್ರಾನಿನ ರೇಡಾರ್ ಅಡ್ಡಕೊಯ್ತದ (ರೇಡಾರ್ ಕಣ್ಣಿಗೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವ ಅಳತೆಯ) ಅರ್ಧದಿಂದ ಗುಣಿಸಿದರೆ ಪ್ರತಿಫಲನದ ಬಲ ವಾಪಸ್ ಸಿಗುತ್ತದೆ. ಮಾದರಿಯಿಂದಲೂ ಅದನ್ನೇ ಲೆಕ್ಕ ಹಾಕಿ ಹೋಲಿಸಬೇಕು. ಹಾಗೆ ಮಾಡಿದ ಮೇಲೆ ನಮ್ಮ ಮಾದರಿಯ ಗೆರೆ ಅಳತೆಯ ಹತ್ತಿರ ಬಂತು. ಹಿಮಕಣದ ತ್ರಿಜ್ಯ ತುಂಬಾ ಮುಖ್ಯ, ಅದು ಎರಡು ಪಟ್ಟಾದರೆ ಏರಿಳಿತ ಉಳಿಯುವ ಸಮಯ ನಾಲ್ಕು ಪಟ್ಟಾಗುತ್ತದೆ.

ಒಂದು ಕೊರತೆ ನಿಜವಾಗಿಯೂ ಇದೆ. ನಮಗೆ ಸಿಕ್ಕಿದ ಫೈಲ್‌ಗಳೆಲ್ಲ ಒಂದು ನಿಮಿಷದ ಸರಾಸರಿ. ಟ್ರೋಮ್ಸೊದಲ್ಲಿ ರೇಡಿಯೋ ತರಂಗ ಬಿಟ್ಟು ಎಲೆಕ್ಟ್ರಾನ್‌ಗಳನ್ನು ಬಿಸಿ ಮಾಡುವ ಪ್ರಯೋಗ ಮಾಡುತ್ತಾರೆ, 20 ಸೆಕೆಂಡ್ ಬಿಸಿ, 160 ಸೆಕೆಂಡ್ ಬಿಡುವು, ಹಾಗೆ. ಬಿಸಿ ಮಾಡಿದಾಗ ಪ್ರತಿಧ್ವನಿ ಕುಸಿಯುತ್ತದೆ, ನಿಲ್ಲಿಸಿದಾಗ ಮೊದಲಿಗಿಂತ ಜಾಸ್ತಿ ಏರುತ್ತದೆ. ಇದು ನಿಮಿಷದ ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಅದು ಬೇಕಾದವರು ಕಚ್ಚಾ ಡೇಟಾ ತರಿಸಿಕೊಂಡು, ರೇಡಾರ್ ಡೇಟಾ ವಿಶ್ಲೇಷಿಸುವ ತಂತ್ರಾಂಶವಾದ ಗಿಸ್‌ಡ್ಯಾಪ್‌ನಲ್ಲಿ ತಾವೇ ವಿಶ್ಲೇಷಿಸಬೇಕು, ಅದಕ್ಕೆ ಮ್ಯಾಟ್‌ಲ್ಯಾಬ್ ಬೇಕು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಡಿಗ್ರಿ ಓದುವ ಮಕ್ಕಳ ಕೈಗೆ ಧೈರ್ಯವಾಗಿ ಕೊಡಿ, ಮೇ ಕೊನೆಯಿಂದ ಆಗಸ್ಟ್ ಕೊನೆಯೊಳಗಿನ ದಿನಗಳನ್ನೇ ಹುಡುಕಲು ಹೇಳಿ. ಮೊನ್ನೆ ಜುಲೈ ಕೊನೆಗೆ ತಾಂಡೇಲರು ಬಲೆ ರಿಪೇರಿ ಮಾಡುತ್ತಾ ಕೇಳಿದರು, "ನಮ್ಮ ಸೀಸನ್ ಶುರು ಆಯ್ತು, ನಿಮ್ದು ಇನ್ನೂ ಎಷ್ಟು ದಿನ?" ಇನ್ನೊಂದು ತಿಂಗಳು ಅಂದೆ.